ಧರ್ಮಪಾಲ ಶೆಟ್ಟರ ಮೊದಲ ಗುದ್ದು

ಅಲ್ ಕೂಜ್‌ನಲ್ಲಿ ಹಳೆಯ ಹೋಟೆಲ್ ಸಾಮಾನು ಮಾರುವ ಧರ್ಮಪಾಲ ಶೆಟ್ಟರು ನಲವತ್ತೈದನ್ನು ದಾಟಿದ್ದರು. ಅವರ ಹೊಟ್ಟೆ ಅವರಿಗಿಂತ ನಾಲ್ಕು ಬೆರಳು ಮುಂದೆ ದಾಟಿತ್ತು. ದುಬೈಯಲ್ಲಿ ದಿನಾ ಯಾರೋ ಒಬ್ಬ ಹುಮ್ಮಸ್ಸಿನಲ್ಲಿ ರೆಸ್ಟೋರೆಂಟ್ ತೆರೆಯುತ್ತಾನೆ, ಇನ್ನೊಬ್ಬ ಬುದ್ಧಿ ಬಂದು ಮುಚ್ಚುತ್ತಾನೆ. ಮುಚ್ಚಿದವನ ಒಲೆ, ಫ್ರಿಜ್, ಗ್ರೈಂಡರುಗಳನ್ನು ಕೊಂಡು, ಉಜ್ಜಿ ಹೊಳಪು ಬರಿಸಿ, ತೆರೆಯುವವನಿಗೆ ಮಾರುವುದು ಶೆಟ್ಟರ ಕಸುಬು. ಎದುರಿನ ಗೋದಾಮಿನಲ್ಲಿ ಭಟ್ಕಳದ ನೂರುದ್ದೀನ್ ಸಾಹೇಬರದೂ ಅದೇ ಕಸುಬು. ಶೆಟ್ಟರು ಎರಡು ತಂದೂರಿ ಒಲೆ ತರಿಸಿದರೆ ಸಾಹೇಬರ ಬಾಗಿಲಲ್ಲಿ ಮೂರು ಬಂದು ನಿಲ್ಲುತ್ತಿದ್ದವು. ಸಂಜೆಯಾದರೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಸುಲೈಮಾನಿ ಚಹಾ ಕುಡಿಯುತ್ತ, ಆ ದಿನದ ಗಿರಾಕಿಗಳನ್ನು ಆಡಿಕೊಂಡು ನಗುತ್ತಿದ್ದರು.

ಇಬ್ಬರಿಗೂ ಇದ್ದದ್ದು ಒಂದೇ ಗುರುಮಂತ್ರ: ದರವನ್ನು ತಾನು ಮೊದಲು ಹೇಳಬಾರದು. ಬಾಯಿಬಿಟ್ಟವನು ಕೆಟ್ಟ. ಗಿರಾಕಿ ಎಷ್ಟೆಂದು ಕೇಳಿದರೆ ಶೆಟ್ಟರು ಸೆಖೆಯ ಮಾತೆತ್ತುತ್ತಿದ್ದರು, ಸಾಹೇಬರು ಚಹಾ ತರಿಸುತ್ತಿದ್ದರು. ಒಮ್ಮೆ ಇವರಿಬ್ಬರ ನಡುವೆಯೇ ಒಂದು ಐಸ್ ಯಂತ್ರದ ವ್ಯಾಪಾರ ಕುದುರುವುದಿತ್ತು. ಮಧ್ಯಾಹ್ನವಿಡೀ ಕೂತರೂ ಯಾರ ಬಾಯಿಂದಲೂ ದರ ಹೊರಬೀಳಲಿಲ್ಲ. ಯಂತ್ರ ಬಿಸಿಲಲ್ಲೇ ಉಳಿಯಿತು.

2016ರ ಒಂದು ಶುಕ್ರವಾರ ಶೆಟ್ಟರು ಹೆಂಡತಿ ಭವ್ಯಶ್ರೀಯನ್ನು ಕೂರಿಸಿಕೊಂಡು ಅಂಗಡಿಯ ಮುಂದೆ ವ್ಯಾನು ನಿಲ್ಲಿಸಿದ್ದರು. ಒಂದು ಪಿಕಪ್ ಹಿಂದಕ್ಕೆ ಬಂದು ವ್ಯಾನಿನ ಮೂತಿಗೆ ಗುದ್ದಿತು. ಅದರ ಡ್ರೈವರ್ ಇಳಿದವನೇ ಶೆಟ್ಟರಿಗೆ ಬಾಯಿಗೆ ಬಂದಂತೆ ಬೈದ. ಶೆಟ್ಟರು ಎರಡು ಹೆಜ್ಜೆ ಹಿಂದೆ ಸರಿದು "ಸಾರಿ ಭಾಯ್, ಸಾರಿ" ಎಂದರು. ಈ ದೇಶದಲ್ಲಿ ಕೈ ಎತ್ತಿದರೆ ಮೊದಲು ಠಾಣೆ, ಆಮೇಲೆ ಊರಿನ ವಿಮಾನ ಎಂಬ ಭಯ ವೀಸಾದ ಜತೆಗೇ ಪಾಸ್‌ಪೋರ್ಟಿಗೆ ಅಂಟಿಕೊಂಡು ಬಂದಿರುತ್ತದೆ. ಎರಡು ದಶಕದಿಂದ ಶೆಟ್ಟರು ಸಿಕ್ಕಸಿಕ್ಕ ಬೈಗುಳವನ್ನೆಲ್ಲ ನುಂಗಿ ಜೀರ್ಣಿಸಿಕೊಂಡಿದ್ದರು.

ಎದುರು ಬಾಗಿಲಲ್ಲಿ ನಿಂತು ನೋಡಿದ ನೂರುದ್ದೀನ್ ಸುಮ್ಮನಿರುವವರಲ್ಲ. "ಶೆಟ್ರೆ, ಗುದ್ದಿದ್ದು ಅವ. ಸಾರಿ ಹೇಳಿದ್ದು ನೀವು. ಇದು ಎಂತ ಲೆಕ್ಕ ಮಾರಾಯ್ರೆ?"

"ಅಭ್ಯಾಸ ಸಾಹೇಬ್ರೆ."

ಭವ್ಯಶ್ರೀ ಅಂದು ಸಂಜೆ ಏನೂ ಹೇಳಲಿಲ್ಲ. ಮದುವೆಯಾದ ಮೇಲೆ ಆಕೆ ಏನೂ ಹೇಳದೆ ಕಳೆದ ಮೊದಲ ಸಂಜೆ ಅದು. ಶೆಟ್ಟರ ಎದೆಗೆ ಚುಚ್ಚಿದ್ದು ಡ್ರೈವರನ ಬೈಗುಳವಲ್ಲ, ಈ ಮೌನ. ಠಾಣೆಯ ಭಯ ಇರದಿದ್ದರೆ ತಾನು ನಿಲ್ಲುತ್ತಿದ್ದೆನೋ, ಆಗಲೂ ಹಿಂದೆ ಸರಿಯುತ್ತಿದ್ದೆನೋ? ಈ ಪ್ರಶ್ನೆ ಹಲ್ಲಿನ ಸಂದಿಯ ಅಡಿಕೆ ಚೂರಿನಂತೆ ಕೂತುಬಿಟ್ಟಿತು.

ಅದೇ ವಾರ ಪಕ್ಕದ ಬೀದಿಯ ಬಾಕ್ಸಿಂಗ್ ಜಿಮ್ಮಿನ ತರಬೇತುದಾರ ಲೆಸ್ಲಿ ಹಳೆಯ ಫ್ರಿಜ್ ಹುಡುಕಿಕೊಂಡು ಬಂದ. ಮಂಗಳೂರಿನವ, ಮಾತಿನಲ್ಲಿ ಚುರುಕು. ಮಕ್ಕಳ ಹೃದಯ ಚಿಕಿತ್ಸೆಯ ನಿಧಿಗಾಗಿ ಒಂದು ಪಂದ್ಯ ಇದೆಯೆಂದ. ಆಡುವವರೆಲ್ಲ ಕಚೇರಿಯವರು, ಅಂಗಡಿಯವರು, ಕಲಿಸುವುದು ತಾನು, ಪಂದ್ಯ ಮೂರು ಸುತ್ತು.

ಶೆಟ್ಟರು ಧ್ವನಿ ತಗ್ಗಿಸಿದರು. "ಹೊಡೆದ್ರೆ ಪೊಲೀಸ್ ಬರುದಿಲ್ವಾ?"

"ಬಂದ್ರೆ ಟಿಕೆಟ್ ತಗೊಂಡು ಎದುರಿನ ಸಾಲಲ್ಲಿ ಕೂರ್ತಾರೆ, ಧರ್ಮಣ್ಣ."

ಸರಕಾರದ ಅನುಮತಿಯ ಮೇಲೆ ಮನುಷ್ಯನಿಗೆ ಗುದ್ದಬಹುದು ಎಂಬ ಸುದ್ದಿ ಶೆಟ್ಟರ ತಲೆಗೇರಿತು. ಹೆಸರು ಬರೆಸಿದರು. ಮರುದಿನವೇ ನೂರುದ್ದೀನ್ ಕೂಡ ಬರೆಸಿದರು.

"ನಿಮಗೆಂತಕ್ಕೆ ಸಾಹೇಬ್ರೆ ಇದು?"

"ನಿಮ್ಮ ಅಂಗಡೀಲಿ ಇರುವ ಮಾಲು ನನ್ನಲ್ಲಿ ಇಲ್ಲದಿದ್ರೆ ನನಗೆ ನಿದ್ದೆ ಬರುದಿಲ್ಲ."

ಇಬ್ಬರ ತೂಕವೂ ಹೆಚ್ಚುಕಡಿಮೆ ಒಂದೇ. ಲೆಸ್ಲಿ ಅವರನ್ನೇ ಎದುರಾಳಿಗಳಾಗಿ ಜೋಡಿ ಮಾಡಿಯೇ ಬಿಟ್ಟ.

ಮನೆಯಲ್ಲಿ ಭವ್ಯಶ್ರೀ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಈ ವಯಸ್ಸಲ್ಲಿ ಗಂಡಸರಿಗೆ ಏನೇನೋ ಹುಚ್ಚು ಹಿಡೀತದಂತೆ. ಇದು ಅಗ್ಗದ್ದು, ಇರ್ಲಿ." ಅಷ್ಟು ಹೇಳಿ ಕೋರಿ ರೊಟ್ಟಿಯನ್ನು ಅಟ್ಟಕ್ಕೇರಿಸಿ, ಬೇಯಿಸಿದ ಮೊಟ್ಟೆಯ ಬಿಳಿ ಭಾಗವನ್ನು ತಟ್ಟೆಗಿಟ್ಟಳು.

ಡಿಸ್ಕವರಿ ಗಾರ್ಡನ್ಸ್‌ನ ಮೂರನೆಯ ಮಹಡಿಯ ತಮ್ಮ ಮನೆಯಲ್ಲಿ ಶೆಟ್ಟರು ಹಗ್ಗ ಹಾರತೊಡಗಿದ ದಿನವೇ ಎರಡನೆಯ ಮಹಡಿಯವರು ಮೇಲೆ ಬಂದು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಹಗ್ಗ ಪಾರ್ಕಿಂಗಿಗೆ ಇಳಿಯಿತು. ಲಿಫ್ಟಿನ ಕನ್ನಡಿ ಕಂಡರೆ ಶೆಟ್ಟರ ಮುಷ್ಟಿ ತಾನಾಗಿ ಏಳುತ್ತಿತ್ತು. ಒಮ್ಮೆ ಬಾಗಿಲು ತೆರೆದಾಗ ಎದುರಿಗಿದ್ದ ಹೆಂಗಸು ತರಕಾರಿ ಚೀಲ ಅವುಚಿಕೊಂಡು ಮೆಟ್ಟಿಲ ಕಡೆ ನಡೆದಳು. ಜಿಮ್ಮಿನಲ್ಲಿ ಮರಳಿನ ಚೀಲ ಗುದ್ದಿ ಗುದ್ದಿ ಶೆಟ್ಟರ ಬೆಲ್ಟು ಒಂದೊಂದೇ ತೂತು ಒಳಗೆ ಸರಿಯಿತು. ಆದರೆ ಚೀಲ ತಿರುಗಿ ಗುದ್ದುವುದಿಲ್ಲ. ತಾನು ನಿಲ್ಲುವವನೋ ಸರಿಯುವವನೋ ಎಂಬುದನ್ನು ಅದು ಹೇಳಲಿಲ್ಲ. ಮೈ ಮಾತ್ರ ಹಗುರಾಗಿ, ಕಾರಣವಿಲ್ಲದೆ ನಗು ಉಕ್ಕುತ್ತಿತ್ತು. ಗಿರಾಕಿಗಳಿಗೆ ಹೆದರಿಕೆಯಾಗಿ ಇಬ್ಬರು ಚೌಕಾಸಿ ಮಾಡದೆ ಮಾಲು ಒಯ್ದರು.

ಪಂದ್ಯದ ಸಂಜೆ ದೊಡ್ಡ ಹೋಟೆಲಿನ ಸಭಾಂಗಣದ ನಡುವೆ ರಿಂಗು, ಸುತ್ತ ಊಟದ ಮೇಜುಗಳು. ಉದ್ಘೋಷಕ ಶೆಟ್ಟರನ್ನು "ಅಲ್ ಕೂಜ್ ಎಕ್ಸ್‌ಪ್ರೆಸ್" ಎಂದೂ, ಸಾಹೇಬರನ್ನು "ಭಟ್ಕಳದ ಬಿರುಗಾಳಿ" ಎಂದೂ ಕರೆದ. ಎಕ್ಸ್‌ಪ್ರೆಸ್ಸಿನ ಕಣ್ಣು ಹೊರಬಾಗಿಲನ್ನು ಹುಡುಕುತ್ತಿತ್ತು. ಬಿರುಗಾಳಿ ಹಣೆ ಒರೆಸಿಕೊಳ್ಳುತ್ತಿತ್ತು.

ಗಂಟೆ ಬಡಿಯಿತು. ಇಬ್ಬರೂ ನಡುವೆ ಬಂದರು, ಮುಷ್ಟಿ ಎತ್ತಿದರು. ನಿಂತರು.

ಶೆಟ್ಟರು ಸಾಹೇಬರ ಕಣ್ಣು ನೋಡಿದರು, ಸಾಹೇಬರು ಶೆಟ್ಟರ ಕಣ್ಣು ನೋಡಿದರು. ಒಂದು ಸುತ್ತು ಬಂದರು, ಮತ್ತೆ ನಿಂತರು. ಇಷ್ಟು ವರ್ಷ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬೆಳೆದ ಬುದ್ಧಿ ಇಬ್ಬರಿಗೂ ಒಂದೇ ಮಾತು ಹೇಳುತ್ತಿತ್ತು: ಮೊದಲು ಅವನೇ ಹೇಳಲಿ. ಮೇಜುಗಳಲ್ಲಿ ಚಮಚಗಳ ಸದ್ದು ನಿಂತಿತು. ರೆಫರಿ "ಯಲ್ಲಾ, ಯಲ್ಲಾ" ಎಂದು ಅವಸರಪಡಿಸುತ್ತ ಕೈಬೀಸಿದ.

"ನೀವು ಸುರು ಮಾಡಿ ಸಾಹೇಬ್ರೆ," ಶೆಟ್ಟರು ಹಲ್ಲುಗವಚದೊಳಗಿಂದ ಗೊಣಗಿದರು.

"ಛೆ ಛೆ. ಮೊದಲು ಹೆಸರು ಬರೆಸಿದ್ದು ನೀವು."

ಹೀಗೆಯೇ ಮೊದಲ ಸುತ್ತು ಮುಗಿಯಿತು. ಒಂದು ಗುದ್ದೂ ಇಲ್ಲ. ಮುಂದಿನ ಸುತ್ತೂ ಹೀಗೇ ಆದರೆ ಪಂದ್ಯ ರದ್ದು ಎಂದು ರೆಫರಿ ಇಬ್ಬರಿಗೂ ಬೆರಳು ತೋರಿಸಿದ.

ಮೂಲೆಯಲ್ಲಿ ಲೆಸ್ಲಿ ನೀರು ಕುಡಿಸುತ್ತ ಹಲ್ಲು ಕಚ್ಚಿದ. "ಧರ್ಮಣ್ಣ, ಅದು ಫ್ರಿಜ್ ಅಲ್ಲ, ಮನುಷ್ಯ. ಒಂದು ಸಲ ನೀವೇ ಮೊದಲು ಹೇಳಿ, ನಷ್ಟ ಆದ್ರೆ ಆಗ್ಲಿ."

ಶೆಟ್ಟರು ಕೆಳಗೆ ನೋಡಿದರು. ಭವ್ಯಶ್ರೀ ಎದುರಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದಳು. ಆ ಶುಕ್ರವಾರದ ಹಾಗೆಯೇ ಸುಮ್ಮನೆ. ಪಂದ್ಯ ರದ್ದಾದರೆ ಈ ಮೌನವನ್ನು ಪುನಃ ಮನೆಗೆ ಒಯ್ಯಬೇಕು.

ಎರಡನೆಯ ಸುತ್ತಿನ ಗಂಟೆಯಾದದ್ದೇ ಶೆಟ್ಟರ ಎಡಗೈ ಮುಂದೆ ಹೋಯಿತು. ದಿಂಬಿನಂಥ ಗ್ಲೌಸು ಸಾಹೇಬರ ಮೂಗಿಗೆ ಮೆತ್ತಗೆ ತಾಗಿತು.

"ಅಯ್ಯೋ, ಸಾರಿ, ಸಾರಿ," ಎಂದರು ಶೆಟ್ಟರು, ಎರಡೂ ಕೈ ಇಳಿಸಿ.

ಸಾಹೇಬರು ಸಾರಿಯನ್ನು ಸ್ವೀಕರಿಸಲಿಲ್ಲ. ಅವರ ಬಲಗೈ ಸುತ್ತಿ ಬಂದು ಶೆಟ್ಟರ ಕಿವಿಗೆ ಅಪ್ಪಳಿಸಿತು. ತಲೆಯೊಳಗೆ ಯಾರೋ ಪಾತ್ರೆ ಅಂಗಡಿ ಬೀಳಿಸಿದ ಹಾಗಾಯಿತು. ಕಾಲುಗಳು ಎರಡು ಹೆಜ್ಜೆ ಹಿಂದೆ ಸರಿದವು, ಬೆನ್ನಿಗೆ ಹಗ್ಗ ತಾಗಿತು. ಇನ್ನು ಭಯ ಬರುತ್ತದೆ ಎಂದು ಶೆಟ್ಟರು ಕಾದರು. ಬರಲಿಲ್ಲ. ಎರಡು ದಶಕ ಹೆದರಿದ್ದು ಇಷ್ಟಕ್ಕೇನಾ? ಒಳಗಿಂದ ನಗು ಒದ್ದುಕೊಂಡು ಬಂತು. ನಗುತ್ತಲೇ ಹಗ್ಗ ಬಿಟ್ಟು ಮುಂದೆ ನಡೆದು, ಸಾಹೇಬರ ಪಕ್ಕೆಗೆ ಒಂದು, ಗಲ್ಲಕ್ಕೆ ಒಂದು ಇಟ್ಟರು. ಸಾರಿ ಹೇಳಲಿಲ್ಲ.

"ಪಾಡ್ಲೆ!" ಕೆಳಗಿಂದ ಒಂದು ಕೂಗು. "ನನೊಂಜಿ ಪಾಡ್ಲೆ!" ಇನ್ನೊಂದು ಬಾರಿಸಿ ಎಂದು ತುಳುವಿನಲ್ಲಿ ಕೂಗುತ್ತಿದ್ದವಳು ಭವ್ಯಶ್ರೀ. ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

ಆಮೇಲಿನದು ಬಾಕ್ಸಿಂಗೋ, ಮಾಲು ಖಾಲಿ ಮಾಡುವ ಕಡೆಯ ದಿನದ ನೂಕುನುಗ್ಗಲೋ ಹೇಳುವುದು ಕಷ್ಟ. ಇಬ್ಬರೂ ಕೈಗೆ ಬಂದದ್ದನ್ನೆಲ್ಲ ಕೊಟ್ಟರು, ಕೊಟ್ಟದ್ದನ್ನೆಲ್ಲ ತೆಗೆದುಕೊಂಡರು. ಮೂರನೆಯ ಸುತ್ತಿನ ಕೊನೆಗೆ ಉಸಿರು ಸಾಲದೆ ಒಬ್ಬರನ್ನೊಬ್ಬರು ತಬ್ಬಿ ನಿಂತರು. "ಬಿಡಿ ಶೆಟ್ರೆ." "ನೀವು ಬಿಡಿ. ಬಿಟ್ರೆ ನಾನು ಬೀಳ್ತೇನೆ." ರೆಫರಿ ಇಬ್ಬರನ್ನೂ ಬಿಡಿಸಬೇಕಾಯಿತು.

ಅಂಕದ ಮೇಲೆ ಗೆದ್ದದ್ದು ನೂರುದ್ದೀನ್. ರೆಫರಿ ಅವರ ಕೈ ಎತ್ತುತ್ತಿದ್ದಾಗ ಶೆಟ್ಟರು ಆತನ ಇನ್ನೊಂದು ತೋಳು ಹಿಡಿದು, ಇನ್ನೊಂದೇ ಸುತ್ತು ಸಿಗುತ್ತದೆಯೇ ಎಂದು ಕೇಳಿದರು.

"ಖಲಾಸ್," ಎಂದ ರೆಫರಿ.

ಕೆಳಗಿಳಿದ ಶೆಟ್ಟರ ಕಿವಿಗೆ ಭವ್ಯಶ್ರೀ ಐಸಿನ ಚೀಲ ಒತ್ತಿದಳು. ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. "ಮುಂದಿನ ಸಲ ಕೈ ಇಳಿಸ್ಬೇಡಿ," ಎಂದು ಪಿಸುಗುಟ್ಟಿದಳು.

"ಮುಂದಿನ ಸಲವಾ?"

"ಲೆಸ್ಲಿಯತ್ರ ಹೆಸರು ಬರೆಸಿ ಆಯ್ತು. ನಿಮ್ಮದೊಂದು, ನನ್ನದೊಂದು."