ತಪ್ಪಿಸಿಕೊಂಡವರನ್ನು ಹಿಡಿಯುವ ಲೈಸೆನ್ಸು

ಎಲ್ಕೋ ಊರಿನ ಅರ್ಧಕ್ಕರ್ಧ ಮನೆಗಳ ಹೊಗೆಗೂಡು ಕಟ್ಟಿದವನು ಲಿಯೋನ್ ಇರಿಗರೇ. ಐವತ್ತಾರಕ್ಕೆ ಅವನ ಮೊಣಕಾಲುಗಳು ಮುಷ್ಕರ ಹೂಡಿದವು. ಕುಕ್ಕರಗಾಲಲ್ಲಿ ಕೂರಲಾಗದ ಗಾರೆಯವನನ್ನು ಯಾರು ಕರೆಯುತ್ತಾರೆ? ಒಂದು ಚಳಿಗಾಲವಿಡೀ ಕಿಟಕಿಯ ಪಕ್ಕ ಕೂತು, ಎದುರುಮನೆಯವರ ಗೋಡೆ ಸೊಟ್ಟಗಿದೆಯೆಂದು ಹೆಂಡತಿ ಮೈತೆಗೆ ಹೇಳುತ್ತ ಕಳೆದ. ಕೊನೆಗೆ ಅವಳೇ ಬೇಸತ್ತು ತನ್ನ ಅಕ್ಕ ಗ್ರಾಶಿಗೆ ಫೋನ್ ಮಾಡಿದಳು.

ಗ್ರಾಶಿಯದು ಜೈಲಿನ ಎದುರಿಗೇ ಅಂಗಡಿ. ಒಳಗೆ ಬಿದ್ದವರಿಗೆ ಜಾಮೀನು ನಿಂತು ಬಿಡಿಸಿಕೊಡುವುದು ಅವಳ ವ್ಯಾಪಾರ. ಬಿಡಿಸಿಕೊಂಡವರು ವಾಯಿದೆಯ ದಿನ ಕೋರ್ಟಿಗೆ ಬಾರದೆ ಕಣ್ಮರೆಯಾದರೆ ನಷ್ಟ ಅವಳದೇ. ಅಂಥವರನ್ನು ಹುಡುಕಿ ಹಿಡಿದು ತರುತ್ತಿದ್ದ ಮುದುಕ ಕೆಲಸ ಬಿಟ್ಟು ಮಗಳ ಮನೆ ಸೇರಿದ್ದ.

"ನೀನು ಬಾಗಿಲಲ್ಲಿ ನಿಂತ್ರೆ ಸಾಕು ಕಣೋ, ಬೆಳಕೇ ಒಳಗೆ ಬರಲ್ಲ," ಎಂದಳು ಗ್ರಾಶಿ. "ಮಾತೂ ಆಡೋದು ಬೇಡ. ಆದ್ರೆ ಲೈಸೆನ್ಸ್ ಮಾಡಿಸ್ಬೇಕು."

"ಅಂಗಡಿಗೆ ಕರ್ಕೊಂಡು ಹೋದ್ರೆ ನನ್ನನ್ನೇ ಕಳ್ಕೊಂಡು ಬರ್ತಾನೆ," ಎಂದಳು ಮೈತೆ. "ಇನ್ನು ಓಡಿಹೋದೋರನ್ನ ಹುಡುಕ್ತಾನಂತೆ."

ಆ ಮಾತು ನಾಟಿತೋ ಏನೋ, ಲಿಯೋನ್ ರೀನೋ ನಗರಕ್ಕೆ ಹೋಗಿ ತರಬೇತಿಗೆ ಸೇರಿದ. ಬಾಗಿಲು ತಟ್ಟುವುದು ಹೇಗೆ, ಯಾವ ಬಾಗಿಲು ತಟ್ಟಬಾರದು, ಬೇಡಿ ಹಾಕುವುದು ಹೇಗೆ, ಎಲ್ಲವನ್ನೂ ಕಲಿತ. ಅವನ ಎದೆಮಟ್ಟಕ್ಕೂ ಬಾರದ ಒಬ್ಬ ಹುಡುಗಿ ಅಭ್ಯಾಸಕ್ಕೆಂದು ಅವನನ್ನು ನೆಲಕ್ಕೆ ಕೆಡವಿದಳು. ಅವನನ್ನು ಮತ್ತೆ ಎಬ್ಬಿಸಲು ಮಾತ್ರ ಇನ್ನಿಬ್ಬರು ಬರಬೇಕಾಯಿತು. ಪರೀಕ್ಷೆ ಹೇಗೋ ಪಾಸಾಯಿತು.

ಆಮೇಲೆ ತಲೆ ನೆಟ್ಟಗಿದೆಯೆಂದು ಮನಶ್ಶಾಸ್ತ್ರದ ಡಾಕ್ಟರಿಂದ ಬರೆಸಿಕೊಳ್ಳಬೇಕಿತ್ತು. ಆಕೆ ಮೆಲ್ಲಗೆ ಕೇಳಿದರು: "ಜನರನ್ನ ಹಿಡೀಬೇಕು ಅನ್ನೋ ಆಸೆ ಯಾವಾಗಿಂದ ಇದೆ ನಿಮಗೆ?"

"ಆಸೆ ಏನಿಲ್ಲ ಡಾಕ್ಟ್ರೇ. ಮೊಣಕಾಲು ನೋವು."

ಆಕೆ ಬಹಳ ಹೊತ್ತು ಬರೆದರು. ಕೊನೆಗೆ, ಇಂಥ ಆರೋಗ್ಯವಂತ ಮನಸ್ಸು ಈ ಕೆಲಸಕ್ಕೆಂದು ಬಂದದ್ದು ಅಪರೂಪ ಎಂದು ಕೈಕುಲುಕಿ ಕಳಿಸಿದರು.

ತೊಡಕಾದದ್ದು ಬೆರಳಚ್ಚಿನಲ್ಲಿ. ಮೂರು ದಶಕ ಸುಣ್ಣ ಸಿಮೆಂಟು ತಿಂದ ಬೆರಳುಗಳು ಉರುಟು ಕಲ್ಲಿನಂತೆ ನುಣ್ಣಗಾಗಿದ್ದವು. ಎರಡು ಸಲ ಕೊಟ್ಟರೂ ಅಚ್ಚು ಮೂಡಲಿಲ್ಲ. "ಸರ್, ಇದು ಕಳ್ಳತನಕ್ಕೇ ಹೇಳಿ ಮಾಡಿಸಿದ ಕೈ," ಎಂದಳು ಕೌಂಟರಿನ ಹುಡುಗಿ. "ಇಷ್ಟು ದಿನ ಗೋಡೆ ಕಟ್ಕೊಂಡು ಯಾಕೆ ವೇಸ್ಟ್ ಮಾಡಿದ್ರಿ?" ಹಳೆಯ ಕೇಸುಗಳೇನಾದರೂ ಇವೆಯೇ ಎಂದು ಬೆರಳಿನಿಂದ ನೋಡಲಾಗದ್ದನ್ನು ಹೆಸರು ಹಿಡಿದು ಹುಡುಕುವುದೆಂದು ತೀರ್ಮಾನವಾಯಿತು. ಹುಡುಕಿದರು. ಸಿಕ್ಕಿತು.

ಇಪ್ಪತ್ತಮೂರು ವರ್ಷದ ಹಿಂದೆ ಪಕ್ಕದ ಕೌಂಟಿಯ ಕೆರೆಯಲ್ಲಿ ಲಿಯೋನ್ ಲೈಸೆನ್ಸಿಲ್ಲದೆ ಮೀನು ಹಿಡಿದಿದ್ದ. ಕೋರ್ಟಿಗೆ ಬಾ ಎಂದು ಚೀಟಿ ಕೊಟ್ಟಿದ್ದರು. ಹೋಗಿರಲಿಲ್ಲ. ಅವನನ್ನು ಹಿಡಿದು ತರಬೇಕೆಂಬ ವಾರಂಟು ಅಂದಿನಿಂದ ಇಂದಿನವರೆಗೂ ಜೀವಂತವಾಗಿತ್ತು. ಹಿಡಿಯಲು ಮಾತ್ರ ಯಾರೂ ಹೊರಟಿರಲಿಲ್ಲ.

ಸುದ್ದಿ ಕೇಳಿ ಗ್ರಾಶಿ ಕುರ್ಚಿಗೆ ಒರಗಿದಳು. "ಹೋಗೋಕೆ ನಿಂಗೇನು ದಾಡಿಯಾಗಿತ್ತು?"

"ಅವತ್ತು ನಿನ್ನ ಮದುವೆ ಇತ್ತು."

"ಯಾವುದು, ಮೊದಲನೇದಾ ಎರಡನೇದಾ?"

"ಮೊದಲನೇದು."

"ಹಾಗಾದ್ರೆ ಕೋರ್ಟಿಗೇ ಹೋಗ್ಬೇಕಿತ್ತು," ಎಂದು ಗ್ರಾಶಿ ಕಾರಿನ ಕೀಲಿ ತೆಗೆದುಕೊಂಡಳು. ತಪ್ಪಿಸಿಕೊಂಡವನನ್ನು ಅವಳೇ ತನ್ನ ಪಕ್ಕ ಕೂರಿಸಿಕೊಂಡು ಹೋಗಿ ನ್ಯಾಯಾಧೀಶರ ಮುಂದೆ ನಿಲ್ಲಿಸಿದಳು. ಲಿಯೋನ್ ತರಬೇತಿಯಲ್ಲಿ ಕಲಿತದ್ದೆಲ್ಲ ಬಾಗಿಲ ಈಚೆ ನಿಲ್ಲುವವನ ಪಾಠ. ಆಚೆ ನಿಂತವನು ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

"ಈಗೇನು ಕೆಲಸ ಮಾಡ್ಕೊಂಡಿದ್ದೀರಿ?" ಎಂದು ಕೇಳಿದರು ನ್ಯಾಯಾಧೀಶರು.

"ಕೋರ್ಟಿಗೆ ಬರದೆ ತಪ್ಪಿಸಿಕೊಂಡೋರನ್ನ ಹಿಡಿಯೋ ಕೆಲಸಕ್ಕೆ ಅರ್ಜಿ ಹಾಕಿದೀನಿ ಸ್ವಾಮಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. "ಅಂತೂ ಒಬ್ಬನನ್ನ ಹಿಡಿದ್ರಿ," ಎಂದು ಸಣ್ಣ ದಂಡ ಹಾಕಿ ಬಿಟ್ಟರು.

ಲೈಸೆನ್ಸು ಬೇಸಿಗೆಯ ಹೊತ್ತಿಗೆ ಬಂತು. ಗ್ರಾಶಿ ಮೊದಲು ಹಿಡಿದು ತರಲು ಹೇಳಿದ್ದು ಡ್ವೇನ್ ಪ್ರೂಯಿಟ್ ಎಂಬವನನ್ನು. ಕುಡಿದು ಬೇಲಿಗೆ ಲಾರಿ ಗುದ್ದಿದ ಕೇಸು. ಲಿಯೋನ್ ಎರಡು ದಿನ ಊರು ಸುತ್ತಿ, ಮೂರನೆಯ ದಿನ ಕಾಸು ಹಾಕಿ ಬಟ್ಟೆ ಒಗೆಯುವ ಅಂಗಡಿಯಲ್ಲಿ ಅವನನ್ನು ಕಂಡ. ಕಲಿತಂತೆ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳಿದ. ಡ್ವೇನ್ ಓಡಲಿಲ್ಲ.

"ಗ್ರಾಶಿ ಕಳಿಸಿದ್ಲಾ? ಬರ್ತೀನಿ ಯಜಮಾನ್ರೇ. ಬಟ್ಟೆ ಇನ್ನೂ ಒದ್ದೆ ಇದೆ. ಬಿಟ್ಟು ಹೋದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಈ ಊರಲ್ಲಿ ಕಳ್ಳರು ಜಾಸ್ತಿ."

ಇಬ್ಬರೂ ಬೆಂಚಿನ ಮೇಲೆ ಕೂತು ಯಂತ್ರದೊಳಗೆ ಬಟ್ಟೆ ಉರುಳುವುದನ್ನು ನೋಡಿದರು. ಒಣಗಿದ ಮೇಲೆ ದೊಡ್ಡ ಹಾಸಿಗೆ ಹೊದಿಕೆಯೊಂದು ಬಂತು, ಒಬ್ಬನಿಂದ ಮಡಚಲಾಗದ್ದು. ಲಿಯೋನ್ ಎದ್ದು ಇನ್ನೆರಡು ಮೂಲೆ ಹಿಡಿದ. ಮೂಲೆಗೆ ಮೂಲೆ ಕೂಡಿಸುತ್ತ ಹತ್ತಿರ ಬರುವುದು, ಮತ್ತೆ ಹಿಂದೆ ಸರಿಯುವುದು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಗಾಜಿನಾಚೆಯಿಂದ ಅದನ್ನು ನೋಡಿದರು. ಬೇಡಿ ಹಾಕಲು ಲಿಯೋನನಿಗೆ ಮನಸ್ಸಾಗಲಿಲ್ಲ. ಬಟ್ಟೆಯ ಬುಟ್ಟಿಯನ್ನು ಯಾರಾದರೂ ಹಿಡಿಯಬೇಕಿತ್ತಲ್ಲ. ಜೈಲಿನವರು ಮೊದಲು ಬುಟ್ಟಿಯನ್ನು ಒಳಗೆ ತೆಗೆದುಕೊಂಡರು, ಆಮೇಲೆ ಡ್ವೇನನನ್ನು.

ಆ ಶನಿವಾರ ಲಿಯೋನ್ ಮತ್ತು ಮೈತೆ ಎಂದಿನಂತೆ ತಮ್ಮ ಬಾಸ್ಕ್ ಜನರ ಊಟದ ಮನೆಗೆ, ಎಲ್ಲರೂ ಒಟ್ಟಿಗೆ ಕೂರುವ ಉದ್ದನೆಯ ಮೇಜಿಗೆ ಹೋದರು. ಸೂಪಿನ ದೊಡ್ಡ ಪಾತ್ರೆ ಕೈಯಿಂದ ಕೈಗೆ ಸಾಗುತ್ತಿತ್ತು. ಎದುರಿಗಿದ್ದ ಮುದುಕನೊಬ್ಬ ಮುಂದಕ್ಕೆ ಬಾಗಿದ.

"ಡ್ವೇನನ ಜೊತೆ ಅರ್ಧ ಗಂಟೆ ಕುಸ್ತಿ ಆಯ್ತಂತೆ? ಎಳೆದಾಟ ಕಣ್ಣಾರೆ ಕಂಡೋರೇ ಹೇಳಿದ್ರು. ಚಾಕು ಬೇರೆ ತೆಗೆದ್ನಂತೆ?"

ಮೇಜಿನ ಎಲ್ಲ ತಲೆಗಳೂ ಲಿಯೋನನತ್ತ ತಿರುಗಿದವು. ಮನೆಯಲ್ಲಿ ಹೊದಿಕೆಯ ಕಥೆಯನ್ನು ಎರಡು ಸಲ ಕೇಳಿದ್ದ ಮೈತೆ ಗಂಡನ ಮುಖವನ್ನೇ ನೋಡಿದಳು.

ಲಿಯೋನ್ ನಿಧಾನವಾಗಿ ಸೂಪು ಬಡಿಸಿಕೊಂಡು ಪಾತ್ರೆಯನ್ನು ಪಕ್ಕದವನಿಗೆ ದಾಟಿಸಿದ.

"ಅಷ್ಟೇನೂ ದೊಡ್ಡ ಚಾಕು ಅಲ್ಲ ಬಿಡಿ," ಎಂದ.