ಬೊಗಸೆಯೊಡ್ಡದ ಜೋಜಪ್ಪ

ಕೊರೊನಾ ಕಾಲದಲ್ಲಿ ನಾನು ಮಾನ್ವಿ ತಾಲ್ಲೂಕಿನ ಒಂದು ಸಣ್ಣ ಧರ್ಮಕೇಂದ್ರದ ಪಾದ್ರಿಯಾಗಿದ್ದೆ. ಸಂತೆಗೆ, ಬಸ್ಸಿಗೆ, ಮೊಬೈಲ್ ರಿಪೇರಿಗೆ, ಎಲ್ಲದಕ್ಕೂ ಪೋತ್ನಾಳಕ್ಕೇ ಓಡಬೇಕಾದ ಊರು. ಲಾಕ್‌ಡೌನ್ ಮುಗಿದು ಚರ್ಚಿನ ಬಾಗಿಲು ತೆರೆದಾಗ ಮೇಲಿನವರ ಆದೇಶ ಬಂತು: ಪರಮಪ್ರಸಾದವನ್ನು ನಾಲಿಗೆಯ ಮೇಲೆ ಇಡಬೇಡಿ, ಕೈಗೆ ಕೊಡಿ. ಪರಮಪ್ರಸಾದವೆಂದರೆ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಮಾಸ್‌ನಲ್ಲಿ, ಕೊಡುವ ಗೋಧಿಯ ತೆಳು ಅಪ್ಪ; ನಮ್ಮ ವಿಶ್ವಾಸದಲ್ಲಿ ಅದು ಸಾಕ್ಷಾತ್ ಕ್ರಿಸ್ತನ ದೇಹ. ಹಳೆಯ ಪದ್ಧತಿಯವರು ಮೊಣಕಾಲೂರಿ ನಾಲಿಗೆ ಚಾಚುತ್ತಾರೆ, ಹೊಸಬರು ನಿಂತು ಕೈ ಒಡ್ಡುತ್ತಾರೆ. ದೊಡ್ಡ ದೊಡ್ಡ ಪಂಡಿತರು ಇದರ ಮೇಲೆ ಜಗಳವಾಡಿದ್ದಾರೆ. ನಮ್ಮೂರಲ್ಲೇನು ಜಗಳ ಎಂದುಕೊಂಡಿದ್ದೆ.

ಮೊದಲ ಭಾನುವಾರವೇ ಜೋಜಪ್ಪ ಪ್ರಸಾದಕ್ಕೆ ಎದ್ದು ಬರಲಿಲ್ಲ. ಎಪ್ಪತ್ತು ದಾಟಿದ ಕೂಲಿಕಾರ, ಒಂದು ಪೂಜೆಯನ್ನೂ ತಪ್ಪಿಸದ ಮನುಷ್ಯ. ಆಮೇಲೂ ವಾರ ವಾರ ಬಂದರು, ಪ್ರಸಾದದ ಹೊತ್ತಿಗೆ ಮಾತ್ರ ಕೈಕಟ್ಟಿ ಕೂತಲ್ಲೇ ಕೂತರು. ಕೇಳಿದರೆ "ಇರಲಿ ಬಿಡ್ರಿ ಫಾದರ್" ಅನ್ನುವುದು. ಹಟಮಾರಿ ಮುದುಕ ಅಂತ ನನಗೆ ಸಿಟ್ಟೂ ಬರುತ್ತಿತ್ತು.

ರೋಗ ತಗ್ಗಿ ಆದೇಶ ಸಡಿಲವಾದ ಮೇಲೆ, ಮುಂದೆ ಹೇಗೆ ಎಂದು ಮಾತಾಡಲು ಊರವರ ಸಭೆ ಕರೆದೆ. ಕೈಯೇ ಇರಲಿ ಎಂದು ಪಟ್ಟು ಹಿಡಿದವಳು ಜೋಜಪ್ಪನವರ ಮಗಳು ಮೇರಿ. ಗಬ್ಬೂರಿನ ಕಡೆ ಶಾಲೆಯಲ್ಲಿ ಟೀಚರ್, ಮಾತಿನ ಮಲ್ಲಿ.

"ನಾವೇನು ಕೂಸುಗಳೇನ್ರಿ, ಬಾಯಿ ತಕ್ಕೊಂಡು ಕುಂದ್ರಾಕ? ದುಡಿದ ಕೈ ಅದಾವ, ಓದಿದ ಕೈ ಅದಾವ. ಕೈಯಾಗ ತಗೊಳ್ಳೋದ ಮರ್ಯಾದಿ!"

ಚಪ್ಪಾಳೆ ಬಿತ್ತು. ನನಗೂ ಅವಳ ಮಾತೇ ಸರಿ ಅನ್ನಿಸಿತು. ಆಗ ಜೋಜಪ್ಪ ಎದ್ದರು.

"ಸಣ್ಣವಿದ್ದಾಗ ಗೌಡರ ಹೊಲಕ್ಕ ಕೂಲಿಗಿ ಹೋಗ್ತಿದ್ದೆ. ನೀರು ಬೇಕಂದ್ರ ಹಿಂಗ ಬೊಗಸಿ ಒಡ್ಡಬೇಕು. ಮೈಲಿಗಿ ಆಗ್ತದಂತ ಮ್ಯಾಲಿಂದ ಹೊಯ್ತಿದ್ರು. ಮೊದಲ್ನೇ ಸಲ ಪರಮಪ್ರಸಾದ ತಗೊಂಡಾಗ ಫಾದರ್ ಬೆರಳು ನನ್ನ ನಾಲಿಗಿಗಿ ತಾಕಿತು. ನನ್ನ ಎಂಜಲ ಹತ್ತಿತು. ಅವರು ಕೈ ಒರಿಸ್ಕೊಳ್ಳಲಿಲ್ಲ. ಈಗ ಮತ್ತ ಬೊಗಸಿ ಒಡ್ಡು ಅಂತೀಯೇನವ್ವಾ?"

ಮೇರಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಒಂದು ದಿನವೂ ಅವರು ಇದನ್ನು ಹೇಳಿರಲಿಲ್ಲವಂತೆ. ಬೇಕಾದವರಿಗೆ ಬರುವ ಭಾನುವಾರದಿಂದ ನಾಲಿಗೆಗೇ ಕೊಡುತ್ತೇನೆ ಎಂದೆ. ಜೋಜಪ್ಪ ಬಾಯಿ ತುಂಬ ನಕ್ಕರು.

ಆ ಭಾನುವಾರ ಅವರಿಗೆ ಬರಲಿಲ್ಲ. ಅದಕ್ಕೆ ಮೊದಲೇ ಲಕ್ವ ಹೊಡೆದು, ರಾಯಚೂರಿನ ಆಸ್ಪತ್ರೆಗೆ ಒಯ್ದರು. ಪರಮಪ್ರಸಾದ ಹಿಡಿದು ನಾನು ಹೋದಾಗ ಮಾತು ನಿಂತಿತ್ತು, ಆದರೆ ಗುರುತು ಹಿಡಿದರು. ಕಷ್ಟಪಟ್ಟು ಬಾಯಿ ತೆರೆದರು. ನರ್ಸ್ ಓಡಿ ಬಂದು ತಡೆದಳು: "ನುಂಗಾಕ ಬರಂಗಿಲ್ರಿ. ಹನಿ ನೀರೂ ಹಾಕಬ್ಯಾಡ್ರಿ, ಉಸಿರು ಕಟ್ತದ." ಜೋಜಪ್ಪ ಬಾಯಿ ತೆರೆದೇ ಇದ್ದರು. ನಾನು ಪ್ರಸಾದವನ್ನು ಡಬ್ಬಿಗೆ ಮರಳಿಸಿ, ಬರಿಯ ಬೆರಳನ್ನು ಅವರ ನಾಲಿಗೆಯ ಮೇಲಿಟ್ಟೆ. ಅವರು ಬಾಯಿ ಮುಚ್ಚಿದರು, ಕಣ್ಣೂ ಮುಚ್ಚಿದರು.

"ಕೊಟ್ರೇನ್ರಿ?" ಎಂದಳು ಬಾಗಿಲಲ್ಲಿ ನಿಂತಿದ್ದ ಮೇರಿ.

"ಇಲ್ಲವ್ವಾ. ಬರೇ ಮುಟ್ಟಿದೆ."

"ಅಪ್ಪಗ ಅಷ್ಟ ಬೇಕಾಗಿತ್ರಿ," ಅಂದವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ನಾನೂ ಅತ್ತೆ. ಮರುದಿನ ಅವರು ತೀರಿಕೊಂಡರು.

ಪ್ರಸಾದ ಕೊಡುವ ಕ್ರಮವನ್ನು ನನಗೆ ಪಾದ್ರಿಗಳನ್ನು ತಯಾರು ಮಾಡುವ ಗುರುಮಠದಲ್ಲಿ ಕಲಿಸಿದ್ದರು. ತೆಗೆದುಕೊಳ್ಳುವವನಿಗೆ ಅದು ಏನು ಎಂಬುದನ್ನು ಅವನನ್ನೇ ಕೇಳಬೇಕು, ಅದೂ ಅವನು ನುಂಗಬಲ್ಲವನಾಗಿರುವಾಗಲೇ.