ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಬಂದ ಮಾತು

ನಮ್ಮ ಮನೆಯಲ್ಲಿ ಮಾತಿಗೆ ಬರವಿತ್ತೆಂದು ಯಾರೂ ಹೇಳುವಂತಿರಲಿಲ್ಲ. ನಾನು ನರಸಿಂಹರಾಜಪುರದ ಹತ್ತಿರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಒಂದನೇ ತರಗತಿಯ ಗಲಾಟೆಯನ್ನು ಒಂದೇ ಕೂಗಿಗೆ ಅಡಗಿಸುವ ಗಂಟಲು ನನ್ನದು, ಮನೆಗೆ ಬಂದ ಮೇಲೂ ಅದೇ ಗಂಟಲು. ಅಂಥ ನನ್ನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು ಐದು ವರ್ಷ ತುಂಬಿದರೂ ಒಂದು ಮಾತು ಆಡಿರಲಿಲ್ಲ. ಅಮ್ಮ ಎಂದು ಕೂಡ ಅಂದಿರಲಿಲ್ಲ.

ಕಿವಿ ಕೇಳುವುದಿಲ್ಲವೇನೋ ಎಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ತೋರಿಸಿದೆವು. ಕಿವಿ ಚೆನ್ನಾಗಿದೆ, ಬುದ್ಧಿಯೂ ಚುರುಕಾಗಿದೆ, ಸ್ವಲ್ಪ ಕಾಯಿರಿ ಎಂದರು ಡಾಕ್ಟರು. ಕಾಯಿರಿ ಎನ್ನುವುದು ಎಷ್ಟು ಸುಲಭ! ಬಜೆ ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದ್ದಾಯಿತು, ಶಂಖದಲ್ಲಿ ತುಂಬಿಟ್ಟ ನೀರು ಕುಡಿಸಿದ್ದಾಯಿತು. ಅವಳು ಎಲ್ಲವನ್ನೂ ಸಮಾಧಾನದಿಂದ ನುಂಗಿ, ಬಾಯಿ ಒರೆಸಿಕೊಂಡು ಆಡಲು ಹೋಗುತ್ತಿದ್ದಳು. ಟೀಚರು ಬಿಡುವು ಕೊಟ್ಟರೆ ತಾನೇ ಮಗು ಬಾಯಿ ತೆರೆಯುವುದು ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಕೊನೆಗೆ ಶೃಂಗೇರಿಯ ಶಾರದೆಯೇ ಗತಿ ಎಂದುಕೊಂಡೆ. ಮಾತಿನ ಒಡತಿಯೇ ಅವಳಾದ ಮೇಲೆ ಬೇರೆ ಯಾರನ್ನು ಕೇಳುವುದು? ಪ್ರತಿ ತಿಂಗಳ ಎರಡನೇ ಶನಿವಾರ ಅತ್ತೆಯನ್ನೂ ಮಗಳನ್ನೂ ಹೊರಡಿಸಿಕೊಂಡು ಬೆಳಗಿನ ಬಸ್ಸು ಹತ್ತುತ್ತಿದ್ದೆ. ಮೊದಲ ಸಲ ಹೋದಾಗಲೇ ಅಕ್ಷರಾಭ್ಯಾಸ ಮಾಡಿಸಿದೆವು. ತಟ್ಟೆಯಲ್ಲಿ ಅಕ್ಕಿ ಹರಡಿ, ಮಕ್ಕಳ ಬೆರಳು ಹಿಡಿದು ಓಂಕಾರ ಬರೆಸುತ್ತಾರೆ. ಅಕ್ಕಪಕ್ಕದ ಮಕ್ಕಳೆಲ್ಲ ಗಟ್ಟಿಯಾಗಿ ಓಂ ಎಂದರು. ನನ್ನ ಮಗಳು ಬರೆದದ್ದನ್ನು ಸ್ವಲ್ಪ ಹೊತ್ತು ನೋಡಿ, ಒಂದು ಕಾಳು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡಳು.

ನಾನು ಬೇಡುವ ರೀತಿಯೂ ಟೀಚರ ರೀತಿಯೇ. ದೇವಿಗೆ ಗಡುವು ಕೊಡುತ್ತಿದ್ದೆ. ನವರಾತ್ರಿಯೊಳಗೆ ಮಾತು ಬರಬೇಕು ಎಂದೆ, ಬರಲಿಲ್ಲ. ಸಂಕ್ರಾಂತಿ ಎಂದೆ, ಆಗಲಿಲ್ಲ. ಯುಗಾದಿಯೂ ಕಳೆಯಿತು. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಗರ್ಭಗುಡಿಯ ಎದುರು ಸರತಿಯಲ್ಲಿ ನಿಂತಾಗ, ಎಲ್ಲೆಲ್ಲೂ ಮಗಳ ಗಲ್ಲ ಹಿಡಿದು ಹೇಳು, ಅಮ್ಮ ಅನ್ನು, ಹೇಳು ಎಂದು ಪೀಡಿಸುತ್ತಿದ್ದೆ. ಅವಳು ನನ್ನ ತುಟಿಯನ್ನೇ ನೋಡಿ, ಮೆಲ್ಲಗೆ ಕೈ ಬಿಡಿಸಿಕೊಳ್ಳುತ್ತಿದ್ದಳು.

ಅತ್ತೆಯದು ಬೇರೆಯೇ ಸ್ವಭಾವ. ಅವರಿಗೆ ಯಾವುದಕ್ಕೂ ಅವಸರವಿಲ್ಲ. ಒಂದು ದಿನ ನನ್ನ ಗಡುವಿನ ಕಥೆ ಕೇಳಿ ತಡೆಯಲಾರದೆ ಅಂದರು. "ಎಂತ ಮಾರಾಯ್ತಿ, ದೇವ್ರಿಗೂ ಹೋಂವರ್ಕ್ ಕೊಡ್ತೀಯ? ಕೊಡೋ ಹೊತ್ತಿಗೆ ಕೊಡ್ತಾಳೆ. ನೀ ಸ್ವಲ್ಪ ಸುಮ್ನಿರು."

ಸುಮ್ಮನಿರಲು ನನಗೆ ಪುರುಸೊತ್ತಿರಲಿಲ್ಲ. ಜೂನ್ ಬಂದರೆ ಮಗಳು ಒಂದನೇ ತರಗತಿಗೆ ಸೇರಬೇಕು. ಯಾರೋ ತಿಳಿದವರು ದೂರದ ಊರಿನ ಒಂದು ವಸತಿ ಶಾಲೆಯ ಅರ್ಜಿಯನ್ನು ನನ್ನ ಗಂಡನ ಕೈಗೆ ಕೊಟ್ಟಿದ್ದರು. ಮಾತು ಬಾರದ ಮಕ್ಕಳು ಅಲ್ಲೇ ಇದ್ದು ಓದುವ ಶಾಲೆ. ಗಂಡ ಅದನ್ನು ತಂದು ರೇಡಿಯೋ ಪಕ್ಕದಲ್ಲಿ ಇಟ್ಟರು. ಮೇ ತಿಂಗಳೊಳಗೆ ತುಂಬಿ ಕಳಿಸಬೇಕಿತ್ತು. ರಾತ್ರಿ ನನ್ನ ಸೆರಗು ಹಿಡಿದುಕೊಳ್ಳದೆ ನಿದ್ದೆ ಮಾಡದ ಮಗುವನ್ನು ಎಲ್ಲಿಗೋ ಕಳಿಸುವುದೆಂದರೆ!

ಮೇ ತಿಂಗಳ ಶನಿವಾರ ಶೃಂಗೇರಿಯಲ್ಲಿ ಬಿಸಿಲಿತ್ತು, ರಜೆಯ ಜನಜಂಗುಳಿ ಬೇರೆ. ಮಗಳು ತುಂಗೆಯ ಮೆಟ್ಟಿಲ ಮೇಲೆ ಕುಳಿತು ಮೀನುಗಳಿಗೆ ಮಂಡಕ್ಕಿ ಹಾಕಿದಳು. ಅವು ಬಾಯಿ ತೆರೆಯುತ್ತವೆ, ಮುಚ್ಚುತ್ತವೆ, ಒಂದು ಸದ್ದಿಲ್ಲ. ನನಗೆ ಆ ಮೀನುಗಳ ಮೇಲೂ ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ ದೇವಿಯ ಎದುರು ನಿಂತು ಮನಸ್ಸಿನಲ್ಲೇ ಜಗಳ ಕಾದೆ. ಊರಿನ ಮಕ್ಕಳಿಗೆಲ್ಲ ನಾನು ಮಾತು ಕಲಿಸುತ್ತೇನೆ, ನನ್ನದೊಂದಕ್ಕೆ ಕೊಡಲು ನಿನಗೇನು ಕಷ್ಟ ಎಂದೆ. ಇನ್ನು ಕೇಳುವುದಿಲ್ಲ, ನನ್ನ ಕೈಯಲ್ಲಿ ಆಗುವುದಿಲ್ಲ, ಮಗು ನಿನ್ನದು, ಏನು ಬೇಕೋ ಮಾಡಿಕೋ ಎಂದೆ. ಅದನ್ನು ಭಕ್ತಿ ಎನ್ನಬಹುದೋ ಇಲ್ಲವೋ ಗೊತ್ತಿಲ್ಲ. ಹೊರಗೆ ಬರುವಾಗ ಮಾತ್ರ ಒಳಗೆಲ್ಲ ಖಾಲಿಯಾದಂತಿತ್ತು.

ವಾಪಸ್ಸು ಬರುವ ಬಸ್ಸು ನಮಗೆ ಗುರುತಿನದೇ. ಡ್ರೈವರು, ಕಂಡಕ್ಟರು ಇಬ್ಬರೂ ತಿಂಗಳಿಗೊಮ್ಮೆ ನಮ್ಮನ್ನು ನೋಡುವವರು, ಮಗಳ ವಿಷಯವೂ ಅವರಿಗೆ ಗೊತ್ತಿತ್ತು. ಮುಂದಿನ ಬಾಗಿಲಿನ ಪಕ್ಕದ ಕಿಟಕಿಯ ಸೀಟು ಅವಳಿಗೇ ಆಗಬೇಕು. ಕೊಪ್ಪದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಂಡಕ್ಟರು ಚಹಾ ಕುಡಿಯಲು ಇಳಿದರು. ನಾನು ತಲೆನೋವಿಗೆ ಕಣ್ಣು ಮುಚ್ಚಿ ಕುಳಿತಿದ್ದೆ.

"ರೈಟ್!"

ಕಿವಿಯ ಪಕ್ಕದಲ್ಲೇ ಕೇಳಿಸಿತು. ಡ್ರೈವರು ಗೇರ್ ಹಾಕಿದರು, ಬಸ್ಸು ಹೊರಟಿತು. ನಾನು ಕಣ್ಣು ಬಿಡಲೂ ಇಲ್ಲ. ಕಂಡಕ್ಟರು ಹತ್ತಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟನ್ನು ಬಳೆ ಒತ್ತುವಷ್ಟು ಬಿಗಿಯಾಗಿ ಹಿಡಿದರು.

"ಕೂಸು ಹೇಳಿದ್ದು," ಎಂದರು. "ನಮ್ಮ ಕೂಸು."

ಹಿಂದಿನಿಂದ ಹೋಲ್ಡಾನ್, ಹೋಲ್ಡಾನ್ ಎಂಬ ಕೂಗು. ಕಂಡಕ್ಟರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೋಟೆಲಿನ ಚಹಾ ಗ್ಲಾಸು ಹಿಡಿದು ಓಡಿ ಬರುತ್ತಿದ್ದರು. ಬಸ್ಸು ತಿರುವಿನಲ್ಲಿ ನಿಂತಿತು. ಅವರು ಏದುಸಿರು ಬಿಡುತ್ತಾ ಹತ್ತಿ, ನನ್ನ ಬಿಟ್ಟು ಎಲ್ಲಿಗೆ ಹೊರಟೆ ಮಾರಾಯ ಎಂದು ಡ್ರೈವರನ್ನು ತರಾಟೆಗೆ ತೆಗೆದುಕೊಂಡರು. ರೈಟ್ ಅಂದದ್ದು ಕೇಳಿಸಿತು, ಹೊರಟೆ ಎಂದರು ಡ್ರೈವರು. ಯಾರು ಅಂದದ್ದು ಎಂದು ಕಂಡಕ್ಟರು ಬಸ್ಸಿನ ಉದ್ದಕ್ಕೂ ಕಣ್ಣು ಕೆಕ್ಕರಿಸಿದರು. ಆಗ ನಾನು, ತರಗತಿಯ ಮಕ್ಕಳು ಎತ್ತುವ ಹಾಗೆ, ಕೈ ಎತ್ತಿದೆ. ನನ್ನ ಮಗಳು ಎನ್ನುವಷ್ಟರಲ್ಲಿ ಸಾಕುಸಾಕಾಯಿತು.

ಆಮೇಲಿನ ವರ್ಷಗಳ ಕಥೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅರ್ಜಿಯ ಕಾಗದ ಒಲೆ ಸೇರಿತು. ಜೂನ್‌ನಲ್ಲಿ ಅವಳು ನನ್ನದೇ ಶಾಲೆಗೆ ಬಂದಳು, ದೀಪಾವಳಿಯ ಹೊತ್ತಿಗೆ ನನಗೇ ಎದುರುತ್ತರ ಕೊಡುತ್ತಿದ್ದಳು. ನಾನು ಹೇಳಿದ ತಾರೀಖಿಗೆ ಮಾತು ಬಂದಿದ್ದರೆ ಅದು ನನಗೆ ಪಾಠ ಒಪ್ಪಿಸಿದ ಹಾಗೆ ಇರುತ್ತಿತ್ತು. ಬಂದದ್ದು ಅವಳದೇ ಮಾತು, ಅವಳಿಗೆ ಬೇಕೆನಿಸಿದ ಗಳಿಗೆಯಲ್ಲಿ. ನಾನು ಬಾಯಿ ಮುಚ್ಚುವುದನ್ನೇ ತಾಯಿ ಶಾರದೆ ಕಾಯುತ್ತಿದ್ದಳು ಎಂದು ನಾನು ನಂಬುತ್ತೇನೆ. ನಂಬದವರ ಹತ್ತಿರ ವಾದ ಮಾಡುವುದಿಲ್ಲ. ಆ ದಿನ ಬಸ್ಸಿನಲ್ಲಿ ಮುಂದೆ ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಕಂಡಕ್ಟರ ಸಿಟ್ಟು ಎಲ್ಲಿ ಹೋಯಿತೋ. ಚಹಾ ಗ್ಲಾಸು ಕೈಯಲ್ಲಿರುವಂತೆಯೇ ಅವರು ನಮ್ಮ ಸೀಟಿನ ಎದುರು ಕುಕ್ಕರುಗಾಲಲ್ಲಿ ಕುಳಿತರು.

"ಪುಟ್ಟಿ, ಇವತ್ತು ಕಂಡಕ್ಟರ್ ನೀನೇ. ನೀ ಹೇಳೋವರೆಗೆ ಗಾಡಿ ಹೋಗಲ್ಲ."

ಡ್ರೈವರು ಎಂಜಿನ್ ಆಫ್ ಮಾಡಿದರು. ಬಸ್ಸು ತುಂಬ ಜನ, ಎಲ್ಲರ ಕತ್ತೂ ನಮ್ಮ ಸೀಟಿನತ್ತ ತಿರುಗಿತು. ಹಿಂದೆ ಯಾವುದೋ ಜೀಪು ಹಾರ್ನ್ ಹೊಡೆಯಿತು, ಕಿಟಕಿಯಿಂದ ಯಾರೋ ಕೈ ಹೊರಹಾಕಿ ಅದನ್ನು ಸುಮ್ಮನಾಗಿಸಿದರು. ಹೇಳು ಮಗಾ, ಹೇಳು ಎನ್ನುವ ನನ್ನ ಹಳೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. ಗಲ್ಲ ಹಿಡಿಯಲು ಹೊರಟ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಬೇಡಿಕೊಳ್ಳಲೂ ಇಲ್ಲ. ಅವಳು ಇನ್ನೊಮ್ಮೆ ಹೇಳದಿದ್ದರೂ ಸರಿಯೇ, ಹೀಗೇ ಎಷ್ಟು ಹೊತ್ತಾದರೂ ಕುಳಿತಿರಬಲ್ಲೆ ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಮಗಳು ಕಂಡಕ್ಟರನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. ಆಮೇಲೆ ನನ್ನ ಬಾಯಿಯನ್ನೇ ತುಂಬ ಹೊತ್ತು ನೋಡಿದಳು. ಅದು ಮುಚ್ಚಿಯೇ ಇತ್ತು. ಅವಳು ಸೀಟಿನ ಮೇಲೆ ಎದ್ದು ನಿಂತಳು, ಕಿಟಕಿಯ ಸರಳಿಗೆ ಅಂಗೈಯಿಂದ ಎರಡು ಸಲ ಬಡಿದಳು, ಬಸ್ಸಿನ ಹಿಂದಿನ ಸೀಟಿಗೂ ಕೇಳುವಂತೆ ಕೂಗಿದಳು.

"ರೈಟ್!"

ಡ್ರೈವರು ಎಂಜಿನ್ ಶುರು ಮಾಡಿದರು. ನನ್ನ ಮಗಳ ಮಾತಿನ ಮೇಲೆ ಬಸ್ಸು ಹೊರಟಿತು.